ಜಾಝ್ ರಸಿಕನ ಭಾನುವಾರ

ಜಾಝ್ ಎಂಬುದು ಇಂದು ಜಗತ್ತಿನಾದ್ಯಂತ ಒಂದು ಸಂಗೀತ ಪ್ರಕಾರದ ಹೆಸರಾಗಿ ಬಳಕೆಯಲ್ಲಿದ್ದರೂ, ಆ ಪದ ಅಚ್ಚಿನಲ್ಲಿ ಮೊದಮೊದಲು ಕಾಣಿಸಿಕೊಂಡದ್ದು ಪತ್ರಿಕೆಗಳ ಕ್ರೀಡಾ ಬರಹಗಳಲ್ಲಿ. ಬೆನ್ ಹೆಂಡರ್ಸನ್ ಎಂಬ ಬೇಸ್‌ಬಾಲ್ ಪಿಚರ್, ಅಂದರೆ ಕ್ರಿಕೆಟ್ಟಿನ ಬೌಲರನಂತೆ ಎದುರಾಳಿಗೆ ಚೆಂಡು ಎಸೆಯುವ ಆಟಗಾರ, ತಾನು ರೂಢಿಸಿಕೊಂಡ ಹೊಸ ತಿರುವಿನ ಎಸೆತವನ್ನು ಈ ಹೆಸರಿನಿಂದ ಕರೆಯುತ್ತಿದ್ದಾರೆಂದು ಲಾಸ್ ಏಂಜಲೀಸ್ ಟೈಮ್ಸ್ 1912ರ ಏಪ್ರಿಲ್‌ನಲ್ಲಿ ಬರೆಯಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಬುಲೆಟಿನ್ ಪತ್ರಿಕೆಯ ಕ್ರೀಡಾ ವರದಿಗಾರರು ಅದನ್ನು ಆಟಗಾರರ ಹುರುಪು, ಕೆಚ್ಚು, ಮೈತುಂಬಿದ ಚೈತನ್ಯ ಎಂಬ ಅರ್ಥದಲ್ಲಿ ಧಾರಾಳವಾಗಿ ಬಳಸತೊಡಗಿದರು. 1915ರ ಹೊತ್ತಿಗೆ ಶಿಕಾಗೊದಲ್ಲಿ ಪದವು ವಾದ್ಯತಂಡಗಳಿಗೆ ಅಂಟಿಕೊಂಡಿತು. 1917ರ ಫೆಬ್ರವರಿಯಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ತಂಡದ ಗ್ರಾಮಫೋನ್ ತಟ್ಟೆ ನ್ಯೂಯಾರ್ಕಿನಲ್ಲಿ ತಯಾರಾದ ಮೇಲೆ ಅದು ಮನೆಮಾತಾಯಿತು. ನ್ಯೂ ಆರ್ಲಿಯನ್ಸ್ ನಗರದ ಆಫ್ರಿಕನ್ ಅಮೆರಿಕನ್ನರ ಕೇರಿಗಳಲ್ಲಿ ಆ ಸಂಗೀತ ಅದಕ್ಕೂ ಎಷ್ಟೋ ಮೊದಲೇ ಬೆಳೆದು ನಿಂತಿತ್ತು. ಹೆಸರು ಮಾತ್ರ ಚೆಂಡಾಟದ ಮೈದಾನ ಹಾದು ಅದರ ಬಳಿಗೆ ಬಂತು.

ಈ ಹೆಸರಿನ ಕತೆಯನ್ನು ಕೇವಲ ಕಾಕತಾಳೀಯವೆಂದು ಬದಿಗಿಡಲು ಬಾರದು, ಏಕೆಂದರೆ ಜಾಝ್ ತನ್ನ ಏರುಗಾಲದಲ್ಲಿದ್ದ 1920ರಿಂದ 1940ರ ದಶಕದವರೆಗೆ ಅದನ್ನು ಹಚ್ಚಿಕೊಂಡಿದ್ದ ಸಾಮಾನ್ಯ ರಸಿಕನ ಬದುಕಿನಲ್ಲಿ ಸಂಗೀತ, ಕುಣಿತ, ಆಟ ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಜಾಝ್ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಾದಕರ ಹೆಸರುಗಳನ್ನೂ ಶೈಲಿಗಳ ಪಲ್ಲಟವನ್ನೂ ಸಾಲಾಗಿ ಜೋಡಿಸುತ್ತಾರೆ. ಕಾಸು ಕೊಟ್ಟು ಟಿಕೆಟ್ ಕೊಂಡು, ನೆಲ ನಡುಗುವಂತೆ ಕುಣಿದು, ಮರುದಿನ ಕ್ಷೌರದಂಗಡಿಯಲ್ಲಿ ಕುಳಿತು ಯಾರು ಚೆನ್ನಾಗಿ ನುಡಿಸಿದರು, ಯಾರು ಚೆನ್ನಾಗಿ ಚೆಂಡು ಬಾರಿಸಿದರು ಎಂದು ಒಂದೇ ಉಸಿರಿನಲ್ಲಿ ವಾದಿಸುತ್ತಿದ್ದ ಜನ ಆ ಚರಿತ್ರೆಯಲ್ಲಿ ಹಿನ್ನೆಲೆಗೆ ಸರಿದುಬಿಡುತ್ತಾರೆ. ಆ ಜನರನ್ನು ಮುಂದಕ್ಕೆ ತಂದು ನೋಡಿದರೆ, ಜಾಝ್ ಸಂಗೀತಕ್ಕೆ ಒಳಗಿನಿಂದ ಕಸುವು ಕೊಟ್ಟ ಅಭಿರುಚಿ ಎಲ್ಲಿ ಹದಗೊಂಡಿತು ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಮಿಸೌರಿ ರಾಜ್ಯದ ಕಾನ್ಸಸ್ ಸಿಟಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆ ನಗರದ ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಕೂಡುವ ಚೌಕದ ಸುತ್ತ ಕಪ್ಪುವರ್ಣೀಯರ ಬಡಾವಣೆಯಿತ್ತು. ವರ್ಣಭೇದದ ಕಟ್ಟಳೆ, ರೂಢಿಗಳಿಂದಾಗಿ ಅವರಿಗೆ ಊರಿನ ಉಳಿದೆಡೆ ಮನೆಯಾಗಲಿ, ಹೋಟೆಲಿನ ಕೋಣೆಯಾಗಲಿ, ಊಟದ ಮೇಜಾಗಲಿ ದೊರೆಯುತ್ತಿರಲಿಲ್ಲವಾದ್ದರಿಂದ ವೈದ್ಯರು, ವಕೀಲರು, ದರ್ಜಿಗಳು, ಕಸಾಯಿಖಾನೆಯ ಕೂಲಿಗಳು, ವಾದಕರು, ಆಟಗಾರರು ಎಲ್ಲರೂ ಆ ಕೆಲವೇ ಬೀದಿಗಳಲ್ಲಿ ಎದುರುಬದುರಾಗಿ ಬಾಳಬೇಕಾಯಿತು. ಆ ಚೌಕದಿಂದ ಅನತಿದೂರದ ಪಾಸಿಯೊ ವೈ.ಎಂ.ಸಿ.ಎ. ಕಟ್ಟಡದಲ್ಲಿ 1920ರ ಫೆಬ್ರವರಿಯಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳುತನದಲ್ಲಿ ಸೇರಿದ ತಂಡಗಳ ಒಡೆಯರು ನೀಗ್ರೊ ನ್ಯಾಷನಲ್ ಲೀಗ್ ಎಂಬ ಬೇಸ್‌ಬಾಲ್ ಒಕ್ಕೂಟವನ್ನು ಕಟ್ಟಿದರು. ಬಿಳಿಯರ ಮೇಜರ್ ಲೀಗ್ ತಂಡಗಳು ಕಪ್ಪುವರ್ಣೀಯರಿಗೆ ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ಒಕ್ಕೂಟವದು. ಅದೇ ವರ್ಷ ಕಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವೂ ಹುಟ್ಟಿ, ಊರಿನ ಹೆಮ್ಮೆಯಾಗಿ ಬೆಳೆಯಿತು. ಮದ್ಯಪಾನ ನಿಷೇಧದ ಕಾಲದಲ್ಲಿ ಊರಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕಾರಣಿಯ ಕೂಟವು ಕಾನೂನನ್ನು ಕಂಡೂ ಕಾಣದಂತೆ ಬಿಟ್ಟದ್ದರಿಂದ ಅಲ್ಲಿನ ಕ್ಲಬ್ಬುಗಳು ಬೆಳಗಿನ ಜಾವದವರೆಗೂ ತೆರೆದಿರುತ್ತಿದ್ದವು, ಮಹಾ ಆರ್ಥಿಕ ಕುಸಿತದ ದಿನಗಳಲ್ಲೂ ವಾದಕರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು.

ಅಲ್ಲಿನ ರಸಿಕನ ಭಾನುವಾರ ಚರ್ಚಿನಿಂದ ಆರಂಭವಾಗುತ್ತಿತ್ತು. ಮೊನಾರ್ಕ್ಸ್ ತಂಡದ ಆಟಗಾರರಾಗಿದ್ದು ಮುಂದೆ ಅದರ ಮ್ಯಾನೇಜರ್ ಆದ ಬಕ್ ಒನೀಲ್ ಅವರು ನೆನಪಿಸಿಕೊಂಡಿರುವಂತೆ, ಊರಿನಲ್ಲಿ ತಂಡದ ಪಂದ್ಯವಿದ್ದ ದಿನ ಹನ್ನೊಂದು ಗಂಟೆಯ ಪ್ರಾರ್ಥನೆಯನ್ನು ಹತ್ತಕ್ಕೇ ಆರಂಭಿಸುವ ಏರ್ಪಾಟಾಗುತ್ತಿತ್ತು. ಜನ ಪ್ರಾರ್ಥನೆಗೆಂದು ಉಟ್ಟ ಒಳ್ಳೆಯ ಬಟ್ಟೆಯಲ್ಲೇ ನೇರವಾಗಿ ಮೈದಾನಕ್ಕೆ ನಡೆಯುತ್ತಿದ್ದರು. ಇಪ್ಪತ್ತೆರಡನೇ ಬೀದಿಯ ಮ್ಯೂಲ್‌ಬಾಕ್ ಮೈದಾನ ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಇಸ್ತ್ರಿ ಮಾಡಿದ ಸೂಟು, ಗರಿ ಸಿಕ್ಕಿಸಿದ ಹ್ಯಾಟು, ಬಿಳಿ ಕೈಗವಸು ತೊಟ್ಟ ಹೆಂಗಸರು, ಹೊಳೆಯುವಂತೆ ಉಜ್ಜಿದ ಬೂಟುಗಳು ಹೀಗೆ ಗ್ಯಾಲರಿ ತುಂಬಿಕೊಳ್ಳುತ್ತಿತ್ತು. ಆಟ ಮುಗಿದು ಸಂಜೆಯಾದರೆ ಅದೇ ಬಟ್ಟೆ ಕ್ಲಬ್ಬಿಗೂ ಸಲ್ಲುತ್ತಿತ್ತು. ಪಾಸಿಯೊ ರಸ್ತೆಯ ಮೂಲೆಯಲ್ಲಿದ್ದ ಸ್ಟ್ರೀಟ್ಸ್ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕುಳಿತರೆ ಒಂದು ಮೇಜಿನಲ್ಲಿ ಹೊರ ಊರಿನ ಬೇಸ್‌ಬಾಲ್ ತಂಡ, ಪಕ್ಕದ ಮೇಜಿನಲ್ಲಿ ಹೊರ ಊರಿನ ವಾದ್ಯತಂಡ ಕುಳಿತಿರುವುದು ಮಾಮೂಲಾಗಿತ್ತು. ಹೊರಗಿನವರು ಹಾಕಿದ ಬೇಲಿಯೊಳಗೆ ಒತ್ತೊತ್ತಾಗಿ ಬದುಕಬೇಕಾದ ಜನ ತಮ್ಮ ರಸಿಕತೆಯನ್ನು ಇಷ್ಟು ಎತ್ತರಕ್ಕೆ ಬೆಳೆಸಿಕೊಂಡರೆಂಬುದು ನಿಜಕ್ಕೂ ತಲೆಬಾಗಬೇಕಾದ ಸಂಗತಿ.

ರಾತ್ರಿಯ ಸಂಗೀತವನ್ನು ಅರಿಯಲು ಜಾಮ್ ಸೆಷನ್ ಎಂಬುದರ ಸ್ವರೂಪವನ್ನು ತಿಳಿಯಬೇಕು. ಸಂಬಳದ ಕಚೇರಿ ಮುಗಿದ ಮೇಲೆ ವಾದಕರು ತಮ್ಮ ಸಂತೋಷಕ್ಕಾಗಿ ಒಟ್ಟುಗೂಡಿ, ಎಲ್ಲರಿಗೂ ಗೊತ್ತಿರುವ ಒಂದು ಧಾಟಿಯನ್ನು ಎತ್ತಿಕೊಂಡು, ಸರದಿಯ ಮೇಲೆ ಒಬ್ಬೊಬ್ಬರೂ ಮನೋಧರ್ಮದಿಂದ ಅದನ್ನು ಬೆಳೆಸುವುದೇ ಜಾಮ್ ಸೆಷನ್. ಧಾಟಿಗೆ ಹನ್ನೆರಡೋ ಮೂವತ್ತೆರಡೋ ತಾಳಖಂಡಗಳ ಒಂದು ಆವರ್ತವಿರುತ್ತದೆ. ನುಡಿಸುವವರು ಎಷ್ಟೇ ದೂರ ಅಲೆದರೂ ಆ ಆವರ್ತದ ಲೆಕ್ಕ ತಪ್ಪುವಂತಿಲ್ಲ, ಅದರಡಿಯಲ್ಲಿ ಸಾಗುವ ಸ್ವರಮೇಳಗಳ ಕ್ರಮವನ್ನು ಮೀರುವಂತಿಲ್ಲ. ಒಬ್ಬ ವಾದಕನನ್ನು ಇನ್ನೊಬ್ಬ ಮೀರಿಸಲು ಹೊರಟಾಗ ಇದೇ ಕೂಟ ಕಟಿಂಗ್ ಕಾಂಟೆಸ್ಟ್, ಅಂದರೆ ಸವಾಲ್ ಜವಾಬಿನ ಕಾಳಗವಾಗುತ್ತಿತ್ತು; ಅಲ್ಲಿ ತೀರ್ಪುಗಾರರು ಬೇರೆ ಯಾರೂ ಇಲ್ಲ, ಸುತ್ತ ನೆರೆದ ಜನ ಮತ್ತು ಪಕ್ಕದ ವಾದಕರೇ. 1936ರಲ್ಲಿ ರೆನೊ ಕ್ಲಬ್ಬಿನ ಇಂಥ ಒಂದು ಕೂಟದಲ್ಲಿ ಹದಿಹರೆಯದ ಚಾರ್ಲಿ ಪಾರ್ಕರ್ ಸ್ಯಾಕ್ಸೋಫೋನ್ ನುಡಿಸುತ್ತ ದಾರಿ ತಪ್ಪಿದಾಗ, ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಕಂಚಿನ ತಾಳವೊಂದನ್ನು ಬಿಚ್ಚಿ ಅವರ ಕಾಲಬಳಿ ನೆಲಕ್ಕೆ ಎಸೆದರೆಂಬುದು ಜಾಝ್ ಲೋಕದ ಪ್ರಸಿದ್ಧ ಪ್ರಸಂಗ. ಅಂಪೈರ್ ಬೆರಳೆತ್ತಿ ಔಟ್ ಎಂದಷ್ಟೇ ನಿಚ್ಚಳವಾಗಿತ್ತು ಆ ಸದ್ದು. ಮರುವರ್ಷದ ಬೇಸಿಗೆಯಲ್ಲಿ ಪಾರ್ಕರ್ ಓಝಾರ್ಕ್ ಬೆಟ್ಟಗಳ ಕಡೆಯ ಒಂದು ಊರಿಗೆ ನುಡಿಸಲು ಹೋದವರು ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ನುಡಿಸಿದ್ದ ತಟ್ಟೆಗಳನ್ನು ಹಾಕಿ ಹಾಕಿ ಕೇಳಿ ಅಭ್ಯಾಸ ಮಾಡಿ, ಬೇರೆಯೇ ವಾದಕರಾಗಿ ಹಿಂದಿರುಗಿದರು.

ಇಲ್ಲಿ ಆಟದ ರಸಿಕತೆ ಮತ್ತು ಸಂಗೀತದ ರಸಿಕತೆ ಸೇರುವ ಬಿಂದುವನ್ನು ಗುರುತಿಸಬಹುದು. ಎರಡೂ ಕಡೆ ನಿಯಮ ಬಿಗಿಯಾದದ್ದು, ಎಲ್ಲರಿಗೂ ಒಂದೇ. ಆ ನಿಯಮದೊಳಗೆ ತನ್ನದೇ ಆದ ನಡೆಯನ್ನು ಕಂಡುಕೊಂಡವನನ್ನು ಮಾತ್ರ ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಮೊನಾರ್ಕ್ಸ್ ತಂಡದ ಪಿಚರ್ ಸ್ಯಾಚೆಲ್ ಪೇಜ್ ಚೆಂಡು ಎಸೆಯಲು ಕೈ ಬೀಸಿ, ಕಾಲು ಮುಂದಿಟ್ಟು, ಅಲ್ಲಿಯೇ ಒಂದು ಗಳಿಗೆ ತಡೆದು ಆಮೇಲೆ ಚೆಂಡನ್ನು ಬಿಡುತ್ತಿದ್ದರು. ಬ್ಯಾಟು ಹಿಡಿದವನು ಆ ತಡೆಗೆ ಮೋಸಹೋಗಿ ಮೊದಲೇ ಬೀಸಿಬಿಡುತ್ತಿದ್ದನು. ಅದೇ ಊರಿನ ಕ್ಲಬ್ಬುಗಳಲ್ಲಿ ಲೆಸ್ಟರ್ ಯಂಗ್ ತಾಳದ ಪೆಟ್ಟಿಗೆ ಒಂದು ಕೂದಲೆಳೆಯಷ್ಟು ಹಿಂದುಳಿದು ಸ್ವರವನ್ನು ಇಳಿಸುತ್ತಿದ್ದರು. ಕೇಳುಗನ ಕಾಲು ನಿರೀಕ್ಷೆಯಲ್ಲಿ ಮೊದಲೇ ನೆಲ ತಟ್ಟಿಬಿಡುತ್ತಿತ್ತು, ಸ್ವರ ಆಮೇಲೆ ಬಂದು ಕೂರುತ್ತಿತ್ತು. ಮಧ್ಯಾಹ್ನ ಪೇಜ್ ಅವರ ತಡೆಯನ್ನು ಸವಿದ ಕಣ್ಣಿಗೂ ರಾತ್ರಿ ಯಂಗ್ ಅವರ ತಡೆಯನ್ನು ಸವಿಯುವ ಕಿವಿಗೂ ಶಿಕ್ಷಣ ಒಂದೇ. ಪೇಜ್ ತಮ್ಮ ನಲವತ್ತೆರಡನೇ ವಯಸ್ಸಿನಲ್ಲಿ, 1948ರಲ್ಲಿ, ಮೇಜರ್ ಲೀಗ್ ಸೇರಿದಾಗ ಅಮೆರಿಕನ್ ಲೀಗಿನ ಅಧ್ಯಕ್ಷರು ಆ ಎಸೆತವನ್ನೇ ನಿಷೇಧಿಸಿದರು. ರಸಿಕರ ದೃಷ್ಟಿಯಲ್ಲಿ ಅದು ಒಂದು ರಾಗಕ್ಕೆ ಬೀಗ ಹಾಕಿದಂಥ ಕೆಲಸ.

ಆಟಗಾರರದೂ ವಾದಕರದೂ ಅಲೆಮಾರಿ ಬದುಕು. ಅದರ ಕಷ್ಟಸುಖವೂ ಒಂದೇ ಬಗೆಯದು. ಮೊನಾರ್ಕ್ಸ್ ತಂಡದ ಒಡೆಯ ಜೆ. ಎಲ್. ವಿಲ್ಕಿನ್ಸನ್ 1930ರಲ್ಲಿ ಲಾರಿಗಳ ಮೇಲೆ ಹೇರಿಕೊಂಡು ಹೋಗಬಹುದಾದ ದೀಪಕಂಬಗಳನ್ನೂ ಅವುಗಳಿಗೆ ವಿದ್ಯುತ್ ಒದಗಿಸುವ ಜನರೇಟರನ್ನೂ ಮಾಡಿಸಿ, ಊರೂರಿನಲ್ಲಿ ರಾತ್ರಿ ಪಂದ್ಯ ಆಡಿಸತೊಡಗಿದರು. ಮೇಜರ್ ಲೀಗಿನ ಮೊದಲ ರಾತ್ರಿ ಪಂದ್ಯ ನಡೆದದ್ದು ಅದಾದ ಐದು ವರ್ಷಗಳ ಬಳಿಕ. ಹಗಲು ದುಡಿದು ಬಂದ ಕೂಲಿಕಾರರಿಗೆ ಆಟ ನೋಡುವ ಅವಕಾಶ ಇದರಿಂದ ಸಿಕ್ಕಿತು. ವಾದ್ಯತಂಡಗಳೂ ಹೀಗೆಯೇ ಬಸ್ಸಿನಲ್ಲಿ ಒಂದು ರಾತ್ರಿಗೆ ಒಂದೂರಿನಂತೆ ತಿರುಗುತ್ತಿದ್ದವು. ಮಲಗಲು ಯಾವ ಊರಿನಲ್ಲಿ ಯಾರ ಮನೆ ದಿಕ್ಕು, ಯಾವ ಪೆಟ್ರೋಲ್ ಬಂಕಿನವರು ಕಪ್ಪುವರ್ಣೀಯರಿಗೆ ಇಂಧನ ಹಾಕುತ್ತಾರೆ ಎಂಬಂಥ ವಿವರಗಳನ್ನು ಕೂಡಿಸಿ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆ ನೌಕರರು 1936ರಿಂದ ಪ್ರಕಟಿಸಿದ ಕೈಪಿಡಿ ಇಬ್ಬರಿಗೂ ಆಸರೆಯಾಗಿತ್ತು. ದಾರಿಯಲ್ಲಿ ಬಿಡುವು ಸಿಕ್ಕಾಗ ವಾದಕರು ತಾವೇ ಆಟಗಾರರಾಗುತ್ತಿದ್ದರು. ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್, ಹ್ಯಾರಿ ಜೇಮ್ಸ್, ಕ್ಯಾಬ್ ಕ್ಯಾಲೊವೇ ಮೊದಲಾದವರ ವಾದ್ಯತಂಡಗಳಿಗೆ ತಮ್ಮವೇ ಚೆಂಡಾಟದ ತಂಡಗಳಿದ್ದವು. ಡ್ಯೂಕ್ ಎಲಿಂಗ್ಟನ್ ಅವರಂತೂ ಬಾಲ್ಯದಲ್ಲಿ ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದ ಗ್ಯಾಲರಿಗಳಲ್ಲಿ ತಿಂಡಿ ತಿನಿಸು ಮಾರಿದವರು. ಸಾವಿರಾರು ಜನರ ಮುಂದೆ ಗಂಟಲೆತ್ತಿ ಕೂಗುವ ಅಳುಕನ್ನು ಅವರು ಮೊದಲು ಕಳೆದುಕೊಂಡದ್ದು ಅಲ್ಲಿ.

ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಈ ಬೆಸುಗೆ ಇನ್ನೊಂದು ರೂಪ ತಾಳಿತು. ಕೆರಿಬಿಯನ್ ದ್ವೀಪವಾದ ಸೇಂಟ್ ಕಿಟ್ಸ್‌ನಿಂದ ವಲಸೆ ಬಂದಿದ್ದ ಬಾಬ್ ಡಗ್ಲಸ್ 1923ರಲ್ಲಿ ಕಪ್ಪುವರ್ಣೀಯರ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕಟ್ಟಿದರು. ಅವರಿಗೆ ಆಡಲು ಅಂಗಣವಿರಲಿಲ್ಲ. ಆಗಷ್ಟೇ ತೆರೆದಿದ್ದ ರಿನೇಸಾನ್ಸ್ ಬಾಲ್‌ರೂಮ್ ಎಂಬ ನೃತ್ಯಶಾಲೆಯ ಒಡೆಯರಿಗೆ ಪ್ರಚಾರ ಬೇಕಿತ್ತು. ಶಾಲೆಯ ಹೆಸರನ್ನು ತಂಡಕ್ಕೆ ಇಡುವುದು, ಶಾಲೆಯ ನೆಲವನ್ನು ತಂಡಕ್ಕೆ ಬಿಡುವುದು ಎಂದು ಒಪ್ಪಂದವಾಗಿ, ರೆನ್ಸ್ ಎಂದು ಮನೆಮಾತಾದ ತಂಡ ಹುಟ್ಟಿತು. ಪಂದ್ಯದ ರಾತ್ರಿ ಆ ಶಾಲೆಯ ಎರಡು ತುದಿಗೆ ಬುಟ್ಟಿಗಳನ್ನು ತಂದು ನಿಲ್ಲಿಸಲಾಗುತ್ತಿತ್ತು. ಕುಣಿಯುವವರ ಪಾದ ಜಾರಲೆಂದು ನುಣುಪಾಗಿ ತಿಕ್ಕಿದ್ದ ಮರದ ನೆಲದ ಮೇಲೆಯೇ, ತೂಗುದೀಪಗಳ ಕೆಳಗೆ, ಆಟಗಾರರು ಓಡಬೇಕಿತ್ತು. ಶಿಳ್ಳೆ ಊದಿ ಆಟ ಮುಗಿದದ್ದೇ ಬುಟ್ಟಿಗಳು ಬದಿಗೆ ಸರಿದು ವಾದ್ಯತಂಡ ಮೊದಲ ಧಾಟಿಯನ್ನು ಎತ್ತುತ್ತಿತ್ತು. ನೋಡಲು ಬಂದವರು ಕುಣಿಯಲು ಇಳಿಯುತ್ತಿದ್ದರು. ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುತ್ತಿತ್ತು. ಇದನ್ನು ಅಗ್ಗದ ರಂಜನೆಯೆಂದು ಭಾವಿಸುವಂತಿಲ್ಲ, ಏಕೆಂದರೆ ಆ ಜಾರುನೆಲದ ಮೇಲೆ ಪಳಗಿ ಹೊರಟ ರೆನ್ಸ್ 1932-33ರ ಋತುವಿನಲ್ಲಿ ಸತತ 88 ಪಂದ್ಯ ಗೆದ್ದು, 1939ರಲ್ಲಿ ಶಿಕಾಗೊದಲ್ಲಿ ನಡೆದ ವಿಶ್ವ ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಶಸ್ತಿಯನ್ನು ಬಿಳಿಯರ ತಂಡಗಳನ್ನು ಸೋಲಿಸಿ ತನ್ನದಾಗಿಸಿಕೊಂಡಿತು.

ಅಲ್ಲಿಂದ ಕೂಗಳತೆಯಲ್ಲಿ, ಲೆನಾಕ್ಸ್ ಅವೆನ್ಯೂದಲ್ಲಿ, 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಇತ್ತು. ಕಪ್ಪು ಬಿಳಿ ಎಂಬ ಎಣಿಕೆಯಿಲ್ಲದೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದ ಆ ಶಾಲೆಯ ಉದ್ದನೆಯ ನೆಲಕ್ಕೆ ಜನ ಇಟ್ಟ ಅಡ್ಡಹೆಸರು ‘ಟ್ರ್ಯಾಕ್’, ಅಂದರೆ ಓಟದ ಪಥ. ಅಲ್ಲಿ ಎರಡು ವೇದಿಕೆಗಳಿದ್ದವು; ಒಂದು ತಂಡ ನಿಲ್ಲಿಸಿದ್ದೇ ಇನ್ನೊಂದು ಎತ್ತಿಕೊಳ್ಳುತ್ತಿದ್ದರಿಂದ ಕುಣಿತ ನಿಲ್ಲುತ್ತಿರಲಿಲ್ಲ. ವೇದಿಕೆ ಎರಡಾದ ಮೇಲೆ ಪೈಪೋಟಿ ತಾನಾಗಿಯೇ ಹುಟ್ಟಿತು. 1937ರ ಮೇ 11ರಂದು ಸವಾಯ್‌ನ ಮನೆತಂಡದ ನಾಯಕ ಚಿಕ್ ವೆಬ್ ಅವರಿಗೂ ಆಗ ದೇಶದಾದ್ಯಂತ ‘ಸ್ವಿಂಗ್ ರಾಜ’ ಎಂದು ಹೊಗಳಿಸಿಕೊಳ್ಳುತ್ತಿದ್ದ ಬೆನ್ನಿ ಗುಡ್‌ಮನ್ ಅವರಿಗೂ ನಡೆದ ವಾದ್ಯಸಮರಕ್ಕೆ ಒಳಗೆ ನಾಲ್ಕು ಸಾವಿರ ಜನ ಕಿಕ್ಕಿರಿದಿದ್ದರೆ, ಟಿಕೆಟ್ ಸಿಗದ ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದರು. ಸ್ವಿಂಗ್ ಎಂದರೆ ನಾಲ್ಕು ಪೆಟ್ಟಿನ ತಾಳವನ್ನು ಗಡಿಯಾರದಂತೆ ಸಮನಾಗಿ ಬಿಡದೆ, ಉಯ್ಯಾಲೆಯಂತೆ ಒಂದು ಬದಿಗೆ ಒಲೆದು ಮತ್ತೊಂದು ಬದಿಗೆ ಜಗ್ಗುವ ನಡೆ. ಬೆನ್ನೆಲುಬಿನ ಕ್ಷಯದಿಂದ ಬಾಲ್ಯದಿಂದಲೂ ನರಳುತ್ತಿದ್ದ, ಕುಳ್ಳ ದೇಹದ ವೆಬ್ ತಮಗಾಗಿಯೇ ಹೊಂದಿಸಿದ ಡ್ರಮ್ಸ್‌ನ ಹಿಂದೆ ಕುಳಿತು ಆ ರಾತ್ರಿ ಗುಡ್‌ಮನ್ ತಂಡವನ್ನು ಸೋಲಿಸಿದರು. ಗುಡ್‌ಮನ್ ತಂಡದ ಡ್ರಮ್ಮರ್ ಜೀನ್ ಕ್ರೂಪಾ ಸೋಲನ್ನು ಮನಸಾರೆ ಒಪ್ಪಿಕೊಂಡು ವೆಬ್ ಅವರಿಗೆ ತಲೆಬಾಗಿದರು. ಕುಣಿತದಲ್ಲೂ ಸ್ಪರ್ಧೆಯಿತ್ತು, ಲಿಂಡಿ ಹಾಪ್ ಎಂಬ ಜೋಡಿನೃತ್ಯದಲ್ಲಿ ನುರಿತ ಸವಾಯ್‌ನ ಹುಡುಗ ಹುಡುಗಿಯರು 1935ರಿಂದ ಆರಂಭವಾದ ಹಾರ್ವೆಸ್ಟ್ ಮೂನ್ ಬಾಲ್ ಎಂಬ ಸ್ಪರ್ಧೆಗೆ ಹೋಗಿ ಕುಣಿದದ್ದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅಂದರೆ ಮುಷ್ಟಿಯುದ್ಧಕ್ಕೆ ಹೆಸರಾದ ಕ್ರೀಡಾಂಗಣದಲ್ಲಿ.

ಮುಷ್ಟಿಯುದ್ಧದ ನಂಟೂ ಹಳೆಯದೇ. 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಹೆವಿವೇಟ್ ವಿಭಾಗದ ಮೊದಲ ಕಪ್ಪುವರ್ಣೀಯ ವಿಶ್ವ ಚಾಂಪಿಯನ್ ಆದ ಜ್ಯಾಕ್ ಜಾನ್ಸನ್ 1920ರಲ್ಲಿ ಹಾರ್ಲೆಮ್‌ನಲ್ಲಿ ಒಂದು ಕ್ಲಬ್ ತೆರೆದಿದ್ದರು. ಅದನ್ನು ಕೊಂಡವರು ಅದಕ್ಕೆ ಕಾಟನ್ ಕ್ಲಬ್ ಎಂಬ ಹೊಸ ಹೆಸರಿಟ್ಟರು, 1927ರ ಡಿಸೆಂಬರಿನಿಂದ ಡ್ಯೂಕ್ ಎಲಿಂಗ್ಟನ್ ಅಲ್ಲಿ ನುಡಿಸಿ ರೇಡಿಯೊ ಮೂಲಕ ದೇಶಕ್ಕೆಲ್ಲ ಪರಿಚಿತರಾದರು. ಕಪ್ಪು ವಾದಕರು ನುಡಿಸುವ ಆ ಕ್ಲಬ್ಬಿಗೆ ಕಪ್ಪು ಗಿರಾಕಿಗಳಿಗೆ ಪ್ರವೇಶವಿರಲಿಲ್ಲವೆಂಬುದು ಮರೆಯಬಾರದ ಕಹಿ ಸತ್ಯ. ಹಾರ್ಲೆಮ್‌ನ ಸಾಮಾನ್ಯ ರಸಿಕನಿಗೆ ಎಲಿಂಗ್ಟನ್ ದಕ್ಕಿದ್ದು ಬಹುಮಟ್ಟಿಗೆ ರೇಡಿಯೊದಿಂದ, ತಟ್ಟೆಗಳಿಂದ. 1938ರ ಜೂನ್ 22ರಂದು ಜೋ ಲೂಯಿಸ್ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವರನ್ನು 124 ಸೆಕೆಂಡುಗಳಲ್ಲಿ ನೆಲಕ್ಕೆ ಕೆಡವಿದಾಗ ಹಾರ್ಲೆಮ್‌ನ ಬೀದಿಗಳು ರಾತ್ರಿಯಿಡೀ ಕುಣಿದವು. 1941ರಲ್ಲಿ ಕಾದಂಬರಿಕಾರ ರಿಚರ್ಡ್ ರೈಟ್ ಲೂಯಿಸ್ ಕುರಿತು ಹಾಡು ಬರೆದರು, ಪಾಲ್ ರೋಬ್ಸನ್ ಹಾಡಿದರು, ಕೌಂಟ್ ಬೇಸಿ ತಂಡ ನುಡಿಸಿತು. ಆ ಕಾಲದ ಸಾಹಿತ್ಯ, ರಂಗಭೂಮಿ, ಸಂಗೀತಗಳ ಮೂವರು ದಿಗ್ಗಜರು ಒಬ್ಬ ಮುಷ್ಟಿಮಲ್ಲನಿಗಾಗಿ ಒಂದೆಡೆ ಸೇರಿದ್ದು ಅಭಿಮಾನದ ಆಳಕ್ಕೆ ಸಾಕ್ಷಿ. ಮೂವತ್ತು ವರ್ಷಗಳ ನಂತರ, ಸ್ವತಃ ವ್ಯಾಯಾಮಶಾಲೆಯಲ್ಲಿ ಮುಷ್ಟಿಯುದ್ಧ ಅಭ್ಯಾಸ ಮಾಡುತ್ತಿದ್ದ, ಶುಗರ್ ರೇ ರಾಬಿನ್ಸನ್ ಅವರನ್ನು ಆದರ್ಶವೆಂದು ಭಾವಿಸಿದ್ದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, ಜ್ಯಾಕ್ ಜಾನ್ಸನ್ ಕುರಿತ ಸಾಕ್ಷ್ಯಚಿತ್ರಕ್ಕೆ ನುಡಿಸಿದ ಸಂಗೀತ 1971ರಲ್ಲಿ ತಟ್ಟೆಯಾಗಿ ಹೊರಬಂತು.

ರಸಿಕತೆಗೆ ಲೆಕ್ಕ ಬರೆಯುವ ಇನ್ನೊಂದು ಮುಖವಿದೆ. ಬೇಸ್‌ಬಾಲ್ ಪಂದ್ಯದ ಫಲಿತಾಂಶವನ್ನು ಆಟಗಾರರ ಹೆಸರು, ಓಟ, ತಪ್ಪುಗಳ ಕೋಷ್ಟಕವಾಗಿ ಅಚ್ಚು ಹಾಕುವ ಬಾಕ್ಸ್ ಸ್ಕೋರ್ ಪದ್ಧತಿಯನ್ನು ರೂಢಿಗೆ ತಂದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಕ್ರಿಕೆಟ್ಟಿನ ಸ್ಕೋರ್‌ಕಾರ್ಡೇ ಅದಕ್ಕೆ ಮಾದರಿ. ಜಾಝ್ ರಸಿಕರೂ ತಮ್ಮದೇ ಬಾಕ್ಸ್ ಸ್ಕೋರ್ ಕಂಡುಕೊಂಡರು. ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಸಂಗೀತ. ನಡುವಿನ ಚೀಟಿಯ ಮೇಲೆ ತಂಡದ ನಾಯಕನ ಹೆಸರು ಮಾತ್ರ ಇರುತ್ತಿತ್ತು. ಆದರೆ ಚೀಟಿಯ ಸುತ್ತ, ಸೂಜಿ ಓಡುವ ಗೆರೆ ಮುಗಿದ ಜಾಗದಲ್ಲಿ, ಕಾರ್ಖಾನೆಯವರು ಒತ್ತಿದ ಪುಟ್ಟ ಅಂಕಿಗಳಿರುತ್ತಿದ್ದವು. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಆ ಅಂಕಿಗಳನ್ನು ಓದಿದರೆ ಅದು ಯಾವ ದಿನದ ಮುದ್ರಣ, ಅದೇ ಧಾಟಿಯ ಎಷ್ಟನೇ ಪ್ರಯತ್ನ ಎಂಬುದರ ಸುಳಿವು ದೊರೆಯುತ್ತಿತ್ತು. ಫ್ರಾನ್ಸಿನ ಶಾರ್ಲ್ ಡೆಲೊನೆ 1936ರಲ್ಲಿ ಇಂಥ ಅಂಕಿಗಳು, ದಿನಾಂಕಗಳು, ಪ್ರತಿ ವಾದಕನ ಹೆಸರು ಇವನ್ನೆಲ್ಲ ಸೇರಿಸಿ ಹಾಟ್ ಡಿಸ್ಕೋಗ್ರಫಿ ಎಂಬ ಗ್ರಂಥವನ್ನೇ ಪ್ರಕಟಿಸಿದರು. ಈ ಕೆಲಸಕ್ಕೆ ಯುರೋಪಿನವರು ಮೊದಲು ಕೈಹಾಕಿದ್ದಕ್ಕೆ ಕಾರಣ ಸರಳವಾಗಿದೆ: ಕಾನ್ಸಸ್ ಸಿಟಿಯ ಭಾನುವಾರವಾಗಲಿ ಸವಾಯ್‌ನ ನೆಲವಾಗಲಿ ಅವರ ಪಾಲಿಗಿರಲಿಲ್ಲ, ಇದ್ದದ್ದು ತಟ್ಟೆಗಳು ಮಾತ್ರ. 1961ರಿಂದ ಹತ್ತು ವರ್ಷ ಡೈಲಿ ಟೆಲಿಗ್ರಾಫ್‌ನಲ್ಲಿ ಜಾಝ್ ತಟ್ಟೆಗಳ ವಿಮರ್ಶೆ ಬರೆದ ಇಂಗ್ಲಿಷ್ ಕವಿ ಫಿಲಿಪ್ ಲಾರ್ಕಿನ್ ಅಂಥ ಕೇಳುಗರಲ್ಲೊಬ್ಬರು, ಕ್ರಿಕೆಟ್ ಅವರ ಇನ್ನೊಂದು ಒಲವು.

ಮತ ಹಾಕಿ ಕನಸಿನ ತಂಡ ಕಟ್ಟುವ ಚಟವೂ ಎರಡು ಕಡೆ ಒಂದೇ ಹೊತ್ತಿಗೆ ಬೆಳೆಯಿತು. 1933ರ ಸೆಪ್ಟೆಂಬರಿನಲ್ಲಿ ಶಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ ನಡೆದ ಪೂರ್ವ-ಪಶ್ಚಿಮ ಪಂದ್ಯಕ್ಕೆ ಕಪ್ಪುವರ್ಣೀಯ ಆಟಗಾರರನ್ನು ಆರಿಸಿದವರು ಶಿಕಾಗೊ ಡಿಫೆಂಡರ್, ಪಿಟ್ಸ್‌ಬರ್ಗ್ ಕುರಿಯರ್ ಪತ್ರಿಕೆಗಳ ಓದುಗರು, ಅದೂ ಪತ್ರಿಕೆಯ ಚೀಟಿ ಕತ್ತರಿಸಿ ಕಳಿಸಿ. 1934ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಡೌನ್‌ಬೀಟ್ ಎಂಬ ಸಂಗೀತ ಪತ್ರಿಕೆ ಎರಡು ವರ್ಷದೊಳಗೆ ಅತ್ಯುತ್ತಮ ಟ್ರಂಪೆಟ್, ಅತ್ಯುತ್ತಮ ಕ್ಲಾರಿನೆಟ್ ಎಂದು ಓದುಗರಿಂದ ಮತ ಕೇಳಲಾರಂಭಿಸಿತು. ಇಂಥ ಮತಗಳಿಂದ ಯಾರ ಹಿರಿಮೆಯೂ ತೀರ್ಮಾನವಾಗುವುದಿಲ್ಲವೆಂಬುದು ನಿಜ. ಆದರೆ ವಾದ್ಯದ ಹಿಂದಿನ ಪ್ರತಿಯೊಬ್ಬ ವಾದಕನನ್ನೂ ಹೆಸರಿನಿಂದ ಗುರುತಿಸುವ, ಅವನು ಯಾವ ತಂಡ ಬಿಟ್ಟು ಯಾವ ತಂಡ ಸೇರಿದನೆಂಬುದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಜನರಲ್ಲಿ ಬೇರೂರಿದ್ದು ಇದರಿಂದಲೇ.

ಈ ಎಲ್ಲ ಒಲವುಗಳನ್ನು ಒಬ್ಬನೇ ವ್ಯಕ್ತಿಯಲ್ಲಿ ನೋಡಬೇಕೆಂದರೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರತ್ತ ತಿರುಗಬೇಕು. ಜಾಝ್‌ನಲ್ಲಿ ಒಂಟಿ ವಾದಕನ ಮನೋಧರ್ಮಕ್ಕೆ ಪಟ್ಟ ಕಟ್ಟಿದ ಈ ಟ್ರಂಪೆಟ್ ವಾದಕ 1931ರಲ್ಲಿ ಒಂಬತ್ತು ವರ್ಷಗಳ ನಂತರ ಹುಟ್ಟೂರು ನ್ಯೂ ಆರ್ಲಿಯನ್ಸ್‌ಗೆ ಬಂದಾಗ ಅಲ್ಲಿನ ಹುಡುಗರ ಬೇಸ್‌ಬಾಲ್ ತಂಡಕ್ಕೆ ಹೊಚ್ಚಹೊಸ ಬಿಳಿ ಸಮವಸ್ತ್ರ ಕೊಡಿಸಿದರು; ‘ಆರ್ಮ್‌ಸ್ಟ್ರಾಂಗ್ಸ್ ಸೀಕ್ರೆಟ್ ನೈನ್’ ಎಂಬ ಹೆಸರಿನ ಆ ತಂಡದೊಂದಿಗೆ ಅವರು ನಿಂತಿರುವ ಚಿತ್ರ ಇಂದಿಗೂ ಇದೆ. 1943ರಿಂದ ಸಾಯುವವರೆಗೂ ಅವರು ಬಾಳಿದ್ದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕೊರೋನಾ ಬಡಾವಣೆಯ ಸಾಧಾರಣ ಮನೆಯಲ್ಲಿ. ಅಲ್ಲಿನ ತಮ್ಮ ಕೋಣೆಯ ಗೋಡೆಯಲ್ಲಿ ಟೇಪ್ ರೆಕಾರ್ಡರುಗಳನ್ನು ಕೂರಿಸಿಕೊಂಡು, ತಮ್ಮವೂ ಇತರರವೂ ಆದ ತಟ್ಟೆಗಳು, ಗೆಳೆಯರ ಹರಟೆ, ನಗೆಮಾತು ಎಲ್ಲವನ್ನೂ ಟೇಪಿಗಿಳಿಸಿ, ಸುರುಳಿಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಬರೆದಿಟ್ಟರು. ಸುರುಳಿಯ ಚೌಕ ಪೆಟ್ಟಿಗೆಗಳ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ತಲೆಬರಹ, ಅಭಿಮಾನಿಗಳು ಕಳಿಸಿದ ಫೋಟೊಗಳನ್ನು ಅಂಟುಪಟ್ಟಿಯಿಂದ ಓರೆಕೋರೆಯಾಗಿ ಅಂಟಿಸಿದ್ದಾರೆ. ಜಗತ್ತೇ ಕೊಂಡಾಡಿದ ಕಲಾವಿದ ಬಿಡುವಿನ ಹೊತ್ತಿನಲ್ಲಿ ಶಾಲಾ ಹುಡುಗನಂತೆ ಕತ್ತರಿ ಹಿಡಿದು ಕೂರುತ್ತಿದ್ದರೆಂಬುದು ಆ ಪೆಟ್ಟಿಗೆಗಳನ್ನು ನೋಡಿದರೆ ತಿಳಿಯುತ್ತದೆ. ಅವರು 1971ರಲ್ಲಿ ತೀರಿಕೊಂಡ ಮೇಲೆ, ಆ ಮನೆಗೆ ಹತ್ತಿರದ ಫ್ಲಶಿಂಗ್ ಮೆಡೋಸ್ ಉದ್ಯಾನದ ಕ್ರೀಡಾಂಗಣಕ್ಕೆ ಅವರ ಹೆಸರಿಡಲಾಯಿತು. 1978ರಲ್ಲಿ ಅಮೆರಿಕನ್ ಓಪನ್ ಟೆನಿಸ್ ಅಲ್ಲಿಗೆ ಸ್ಥಳಾಂತರಗೊಂಡಿತು. ಕೊಡಗಿನ ರೋಹನ್ ಬೋಪಣ್ಣ ಅವರ ಆಟಕ್ಕಾಗಿ ನಿದ್ದೆಗೆಟ್ಟು ಆ ಪಂದ್ಯಾವಳಿಯನ್ನು ನೋಡಿದ ಕನ್ನಡಿಗರಿಗೆ ಲೂಯಿ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ ಎಂಬ ಹೆಸರು ಪರಿಚಿತವೇ. ಅದು ಒಬ್ಬ ಟ್ರಂಪೆಟ್ ವಾದಕನ ಹೆಸರೆಂಬುದು ಎಲ್ಲರಿಗೂ ಹೊಳೆದಿರಲಿಕ್ಕಿಲ್ಲ.

ಇಷ್ಟು ಗಟ್ಟಿಯಾಗಿದ್ದ ಹೆಣಿಗೆ ಸಡಿಲಗೊಂಡದ್ದು ಬಹುಪಾಲು 1940ರ ದಶಕದಲ್ಲಿ. ಯುದ್ಧಕಾಲದಲ್ಲಿ, 1944ರಲ್ಲಿ, ಕುಣಿತವಿರುವ ಮನರಂಜನಾ ಸ್ಥಳಗಳ ಮೇಲೆ ಕೇಂದ್ರ ಸರ್ಕಾರ ಶೇ. 30ರಷ್ಟು ತೆರಿಗೆ ಹೇರಿತು. ಕೆಲವೇ ತಿಂಗಳಲ್ಲಿ ಅದು ಶೇ. 20ಕ್ಕೆ ಇಳಿದರೂ ಪೆಟ್ಟು ಬಿದ್ದಾಗಿತ್ತು. ಹಾಡು ಕುಣಿತಗಳಿಲ್ಲದೆ ಬರೀ ವಾದ್ಯಸಂಗೀತವಿರುವ ಕಡೆ ತೆರಿಗೆ ತಗಲುತ್ತಿರಲಿಲ್ಲವಾದ್ದರಿಂದ ಕ್ಲಬ್ಬುಗಳ ಒಡೆಯರು ಕುಣಿಯುವ ನೆಲಕ್ಕೆ ಕುರ್ಚಿ ಮೇಜು ಹಾಕಿ, ದೊಡ್ಡ ತಂಡದ ಬದಲು ನಾಲ್ಕೈದು ವಾದಕರನ್ನು ಕೂರಿಸಿದರು. ರಸಿಕ ಕುಣಿಯುವುದನ್ನು ಬಿಟ್ಟು ಕುಳಿತು ಕೇಳತೊಡಗಿದ. ಆ ಹೊಸ ಸಂಗೀತದ ಸೂಕ್ಷ್ಮತೆ ದೊಡ್ಡದೇ, ಪಾರ್ಕರ್ ಅವರ ಪ್ರತಿಭೆ ಪೂರ್ತಿ ಅರಳಿದ್ದು ಅಲ್ಲಿಯೇ. ಆದರೂ ಪಾದಗಳು ಸಂಗೀತದಿಂದ ದೂರವಾದದ್ದು ಒಂದು ನಷ್ಟವೇ ಸರಿ. ಮೈದಾನದಲ್ಲಿ, 1945ರಲ್ಲಿ ಮೊನಾರ್ಕ್ಸ್ ಪರ ಆಡಿದ ಜ್ಯಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಸಮವಸ್ತ್ರ ತೊಟ್ಟು ಮೇಜರ್ ಲೀಗಿನ ವರ್ಣಭೇದದ ಗೋಡೆಯನ್ನು ಒಡೆದರು. ಎರಡು ವರ್ಷದ ನಂತರ ವಾದ್ಯತಂಡದ ನಾಯಕ ಬಡ್ಡಿ ಜಾನ್ಸನ್ ಅವರು ರಾಬಿನ್ಸನ್ ಕುರಿತು ಹಾಡು ಕಟ್ಟಿದರು, ಕೌಂಟ್ ಬೇಸಿ ತಂಡ ಅದನ್ನು ದೇಶಕ್ಕೆಲ್ಲ ಮುಟ್ಟಿಸಿತು. ಆ ಗೆಲುವಿಗೆ ಬೆಲೆಯೂ ಇತ್ತು. ಒಳ್ಳೆಯ ಆಟಗಾರರೆಲ್ಲ ಮೇಜರ್ ಲೀಗಿಗೆ ಹೋದಂತೆ ಕಪ್ಪುವರ್ಣೀಯರ ತಂಡಗಳ ಗ್ಯಾಲರಿ ಬರಿದಾಯಿತು. ಅನ್ಯಾಯ ತೊಲಗಲೇಬೇಕಿತ್ತು, ಅನ್ಯಾಯದ ನಡುವೆಯೂ ಜನ ಕಟ್ಟಿಕೊಂಡಿದ್ದ ಬೀದಿ ಅದರೊಂದಿಗೆ ಚೆದುರಿಹೋಯಿತು. ಸವಾಯ್ 1958ರಲ್ಲಿ ಮುಚ್ಚಿ, ವಸತಿ ಕಟ್ಟಡಗಳಿಗಾಗಿ ನೆಲಸಮವಾಯಿತು.

ಕಾನ್ಸಸ್ ಸಿಟಿಯ ಹದಿನೆಂಟನೇ ಬೀದಿಯಲ್ಲಿ 1997ರಿಂದ ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಮತ್ತು ಅಮೆರಿಕನ್ ಜಾಝ್ ಮ್ಯೂಸಿಯಂ ಒಂದೇ ಕಟ್ಟಡದಲ್ಲಿವೆ. ಅಲ್ಲಿಂದ ತುಸು ದೂರದ ಹೈಲ್ಯಾಂಡ್ ಅವೆನ್ಯೂದಲ್ಲಿ, ಕಪ್ಪುವರ್ಣೀಯ ವಾದಕರ ಸಂಘದ ಕಚೇರಿಯಾಗಿದ್ದ ಮ್ಯೂಚುವಲ್ ಮ್ಯೂಸಿಷಿಯನ್ಸ್ ಫೌಂಡೇಷನ್ ಕಟ್ಟಡ ವಾರಾಂತ್ಯದ ನಡುರಾತ್ರಿಯ ಜಾಮ್ ಸೆಷನ್‌ಗಳಿಗೆ ಹೆಸರಾಗಿದೆ. ಹಳೆಯ ನಂಟು ಕಟ್ಟಡಗಳಲ್ಲಷ್ಟೇ ಉಳಿದಿಲ್ಲ. ಹಾರ್ಲೆಮ್‌ನಲ್ಲಿ 1947ರಲ್ಲಿ ಹುಟ್ಟಿದ ಕರೀಂ ಅಬ್ದುಲ್ ಜಬ್ಬಾರ್ ಅವರ ತಂದೆ ಜುಲಿಯಾರ್ಡ್ ಸಂಗೀತ ಶಾಲೆಯಲ್ಲಿ ಕಲಿತ ಟ್ರೊಂಬೋನ್ ವಾದಕರಾಗಿದ್ದು, ಹೊಟ್ಟೆಪಾಡಿಗೆ ಪೊಲೀಸ್ ಕೆಲಸ ಮಾಡುತ್ತಿದ್ದವರು. ಮಗ ಬಾಸ್ಕೆಟ್‌ಬಾಲ್‌ನಲ್ಲಿ ಗಳಿಸಿದ 38,387 ಅಂಕಗಳ ಎನ್.ಬಿ.ಎ. ದಾಖಲೆ 2023ರವರೆಗೂ ಯಾರ ಕೈಗೂ ಎಟುಕಲಿಲ್ಲ. ಆಟದ ಲಯವನ್ನು ತಾವು ಜಾಝ್‌ನಿಂದ ಕಲಿತದ್ದೆಂದು ಅವರು ಬರೆದಿದ್ದಾರೆ, ರೆನ್ಸ್ ತಂಡದ ಕುರಿತು 2011ರಲ್ಲಿ ಸಾಕ್ಷ್ಯಚಿತ್ರವನ್ನೂ ಮಾಡಿಸಿದರು. 1983ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಅವರ ಮನೆಗೆ ಬೆಂಕಿ ಬಿದ್ದು, ಹುಡುಗತನದಿಂದ ಕೂಡಿಟ್ಟಿದ್ದ ಸಾವಿರಾರು ಜಾಝ್ ತಟ್ಟೆಗಳು ಕರಗಿಹೋದವು. ಸುದ್ದಿ ತಿಳಿದ ಅಭಿಮಾನಿಗಳು, ಎದುರಾಳಿ ತಂಡದ ಊರುಗಳವರೂ ಸೇರಿದಂತೆ, ತಮ್ಮ ಮನೆಯ ಕಪಾಟಿನಿಂದ ಒಂದೊಂದು ತಟ್ಟೆ ತೆಗೆದು ಅವರಿಗೆ ತಲುಪಿಸಿದರು.